ಮಾಡುವ ಮೊದಲೇ ಮರುಗಿದ ಹುಲಿ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಎಂದರೆ ಈಗ ಎಲ್ಲರಿಗೂ ನೆನಪಾಗುವುದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ. 615 ಎಕರೆಯಲ್ಲಿ ಎದ್ದ ಅದು 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಊರ ಹೆಸರಿನ ಬಾಲದಲ್ಲಿರುವ ಕಾವಲ್, ಅಂದರೆ ಹುಲ್ಲುಗಾವಲು, ಮಾತ್ರ ಹಳೆಯದು. ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಸರ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಅದರ ದನಗಳು ಮಳೆ, ಹುಲ್ಲು ನೋಡಿಕೊಂಡು ಹಳೇ ಮೈಸೂರಿನ ಕಾವಲಿನಿಂದ ಕಾವಲಿಗೆ ಮೇಯುತ್ತ ಹೋಗುತ್ತಿದ್ದವು. ದನ, ಹುಲ್ಲು, ಹಿಂದೆ ಕುರುಚಲು ಗುಡ್ಡ. ಗೋವಿನ ಹಾಡಿಗೆ ಇದಕ್ಕಿಂತ ಒಪ್ಪುವ ರಂಗ ಬೇಕಿಲ್ಲ. ಆ ಹಾಡಿನಲ್ಲಿ ನನ್ನ ಕಣ್ಣಿರುವುದು ಹಸುವಿನ ಮೇಲಲ್ಲ, ಹುಲಿಯ ಮೇಲೆ.

ಶಾಲೆಯಲ್ಲಿ ನಾವೆಲ್ಲ ಕಲಿತದ್ದು ಪುಣ್ಯಕೋಟಿಯ ಸತ್ಯವನ್ನು. ಮಾತು ಕೊಟ್ಟು ಹೋಗಿ, ಕರುವಿಗೆ ಹಾಲುಣಿಸಿ, ಮರಳಿ ಬಂದು ಹುಲಿಯ ಮುಂದೆ ನಿಂತವಳು ದೊಡ್ಡವಳೇ. ಆದರೆ ಕಥೆಯಲ್ಲಿ ಬದಲಾಗುವುದು ಅವಳಲ್ಲ, ಹುಲಿ ಅರ್ಬುತ. ಅವನು ಅಳುತ್ತಾನೆ, ಅಕ್ಕ ಎನ್ನುತ್ತಾನೆ, ಕೊನೆಗೆ ಪ್ರಾಣ ಬಿಡುತ್ತಾನೆ. ಯಾವ ತಪ್ಪಿಗೆ? ಪುಣ್ಯಕೋಟಿಯ ಮೈಮೇಲೆ ಒಂದು ಗೀರೂ ಬಿದ್ದಿಲ್ಲ. ಅವನು ಮರುಗಿದ್ದು ಮಾಡಿದ್ದಕ್ಕಲ್ಲ, ಮಾಡಲಿದ್ದುದಕ್ಕೆ. ಪಶ್ಚಾತ್ತಾಪದ ಬಗ್ಗೆ ಈಚಿನ ಮನೋವಿಜ್ಞಾನ ಹೇಳುತ್ತಿರುವುದರಲ್ಲಿ ಮುಖ್ಯವಾದದ್ದು ಈ ಹುಲಿಯಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಆ ಭಾವದ ಅಸಲು ಕೆಲಸ ಇರುವುದು ಕೃತ್ಯದ ಆಚೆಗಲ್ಲ, ಈಚೆಗೆ.

ಕಾಡಿನ ಹುಲಿಗೆ ಇಂಥದ್ದೇನೂ ಆಗುವುದಿಲ್ಲ ಬಿಡಿ. ಮನೆಯ ನಾಯಿಗೆ ಆಗುತ್ತದೆ ಎಂದು ಸಾಕಿದವರು ಆಣೆ ಮಾಡುತ್ತಾರೆ. ಚಪ್ಪಲಿ ಕಚ್ಚಿದ ಮೇಲೆ ಕಿವಿ ಮಡಚಿ, ಬಾಲ ಮುದುರಿ ಕೂರುವುದನ್ನು ಕಂಡವರು ಅವರು. ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ 14 ನಾಯಿಗಳನ್ನಿಟ್ಟುಕೊಂಡು ಇದನ್ನು ಪರೀಕ್ಷಿಸಿದರು. ತಿನ್ನಬೇಡ ಎಂದು ತಿಂಡಿಯಿಟ್ಟು ಯಜಮಾನ ಹೊರಗೆ ಹೋಗಬೇಕು. ಮರಳಿದಾಗ ನಾಯಿ ತಿಂದಿತೋ ಇಲ್ಲವೋ ಎಂದು ಅವನಿಗೆ ಕೆಲವೊಮ್ಮೆ ಸುಳ್ಳು ಹೇಳಲಾಗುತ್ತಿತ್ತು. ಆ ತಪ್ಪಿತಸ್ಥ ಮುಖಕ್ಕೂ ತಪ್ಪಿಗೂ ಸಂಬಂಧವೇ ಕಾಣಲಿಲ್ಲ, ಬೈಗುಳಕ್ಕೆ ಮಾತ್ರ ಇತ್ತು. ಏನೂ ತಿನ್ನದೆ ಬೈಸಿಕೊಂಡ ನಾಯಿಗಳೇ ಹೆಚ್ಚು ಮುದುರಿಕೊಂಡವು. ‘ಆರೋಪಿಯ ಮುಖದಲ್ಲಿ ಪಶ್ಚಾತ್ತಾಪದ ಲವಲೇಶವೂ ಇರಲಿಲ್ಲ’ ಎಂದು ಕೋರ್ಟಿನ ವರದಿ ಬರೆಯುವವರು ಈ ಪ್ರಯೋಗವನ್ನು ಒಮ್ಮೆ ಓದುವುದು ಒಳ್ಳೆಯದು.

ಮುಖ ಬಿಟ್ಟು ಮೈಯೊಳಕ್ಕೆ ಹೋದರೆ ಬೇರೆಯದೇ ಸಂಗತಿ ಸಿಗುತ್ತದೆ. ಅದಕ್ಕೆ ಜನ್ನನ ‘ಯಶೋಧರ ಚರಿತೆ’ಗಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. 1209ರ ಕಾವ್ಯ, ಜನ್ನ ಹೊಯ್ಸಳ ವೀರಬಲ್ಲಾಳನ ಆಸ್ಥಾನದವನು. ರಾಣಿ ಅಮೃತಮತಿ ಅಷ್ಟಾವಂಕನೆಂಬ ಕುರೂಪಿ ಮಾವುತನಿಗೆ ಒಲಿದದ್ದನ್ನು ರಾಜ ಯಶೋಧರ ಕಣ್ಣಾರೆ ಕಾಣುತ್ತಾನೆ. ಕತ್ತಿ ಎತ್ತಿದವನು ತಡೆದುಕೊಳ್ಳುತ್ತಾನೆ. ಬೆಳಗ್ಗೆ ತಾಯಿಗೆ ನಿಜ ಹೇಳಲಾಗದೆ ಕೆಟ್ಟ ಕನಸು ಬಿತ್ತು ಎನ್ನುತ್ತಾನೆ. ತಾಯಿ ಬಲಿ ಕೊಡು ಎನ್ನುತ್ತಾಳೆ. ಜೀವ ತೆಗೆಯಲು ಇವನಿಗೆ ಮನಸ್ಸಿಲ್ಲ, ತಾಯಿಯ ಮಾತು ಮೀರಲೂ ಆಗದು. ಕೊನೆಗೆ ಹಿಟ್ಟಿನ ಹುಂಜ ಮಾಡಿ ಅದನ್ನು ಕಡಿಯುವುದೆಂದು ಒಪ್ಪಂದವಾಗುತ್ತದೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಹುಂಜ ಕೂಗುತ್ತದೆ, ಯಶೋಧರ ಬೆಚ್ಚಿಬೀಳುತ್ತಾನೆ. ಸಂಕಲ್ಪ ಮಾಡಿದರೂ ಹಿಂಸೆಯೇ ಎಂಬುದು ಜೈನ ಕವಿಯ ವಾದ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕ ಹುಟ್ಟಿದ್ದೂ ಈ ಕಥೆಯಿಂದಲೇ. ಓದುಗ ಮಾತ್ರ ಕೊಂಚ ಅನುಮಾನದಿಂದಲೇ ಕೇಳಬಹುದು: ಹಿಟ್ಟು ಕಡಿದದ್ದಕ್ಕೆ ಇಷ್ಟೊಂದು ಸಂಕಟವೇ?

ಅದೇ ಪ್ರಶ್ನೆಯನ್ನು ಹೆಚ್ಚುಕಡಿಮೆ ಹಾಗೆಯೇ ಅಮೆರಿಕದ ಫಿಯರಿ ಕುಶ್‌ಮನ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಕೇಳಿದರು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಪ್ಯಾಂಟಿನೊಳಗೆ ಪೈಪು ಇಟ್ಟು ಮಾಡಿದ ಸುಳ್ಳು ಕಾಲಿಗೆ ಸುತ್ತಿಗೆಯಿಂದ ಹೊಡೆಯಿರಿ, ರಬ್ಬರ್ ಕೈಯನ್ನು ಕಲ್ಲಿನಿಂದ ಜಜ್ಜಿರಿ, ಆಟದ ಪಿಸ್ತೂಲನ್ನು ನನ್ನ ಮುಖಕ್ಕೆ ಗುರಿಯಿಟ್ಟು ಕುದುರೆ ಎಳೆಯಿರಿ, ಈ ಗೊಂಬೆಮಗುವನ್ನು ಮೇಜಿಗೆ ಅಪ್ಪಳಿಸಿರಿ. ಎಲ್ಲವೂ ಸುಳ್ಳೆಂದು ಭಾಗವಹಿಸಿದವರಿಗೆ ಗೊತ್ತಿತ್ತು, ಮುಟ್ಟಿಯೂ ನೋಡಿದ್ದರು. ಆದರೂ ಅವರ ರಕ್ತನಾಳಗಳು ಬಿಗಿದುಕೊಂಡವು. ಅಷ್ಟೇ ಶ್ರಮದ ನಿರಪಾಯದ ಕೆಲಸ ಮಾಡಿದವರಲ್ಲಿ ಅಷ್ಟಾಗಲಿಲ್ಲ. ಬೇರೆಯವರು ಮಾಡುವುದನ್ನು ಸುಮ್ಮನೆ ನೋಡಿದವರಲ್ಲೂ ಅಷ್ಟಾಗಲಿಲ್ಲ. ಯಾರಿಗೂ ನೋವಾಗದು ಎಂಬ ಅರಿವು ತಲೆಯಲ್ಲಿದ್ದರೂ ಕೈ ಎತ್ತಿದ ಕೂಡಲೇ ಮೈ ತಡೆಯೊಡ್ಡುತ್ತದೆ. ಜನ್ನ ಇದನ್ನು ಹಿಟ್ಟಿನ ಹುಂಜದ ಬಾಯಲ್ಲಿ ಕೂಗಿಸಿದ.

ಇನ್ನು ತಡವಾಗಿ ಬಂದ ಪಶ್ಚಾತ್ತಾಪ. ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದ ರಾವಣನನ್ನು ದುರಂತ ನಾಯಕನೆಂದು ತೋರಿಸಿ ಬಿ.ಎಂ. ಶ್ರೀಕಂಠಯ್ಯನವರು ಬರೆದರು. ಸೀತೆಯ ಸ್ಥಿತಿ ಕಂಡು ಈ ರಾವಣ ನಿಜವಾಗಿ ಕರಗುತ್ತಾನೆ, ತಾನು ಮಾಡಿದ್ದು ತಪ್ಪೆಂದು ಒಪ್ಪಿಕೊಳ್ಳುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದ ಎಂದಾರು. ರಾಮಲಕ್ಷ್ಮಣರನ್ನು ಗೆದ್ದು ಆಮೇಲೆ ಕೊಡುತ್ತೇನೆ ಎಂದು ಯುದ್ಧಕ್ಕೇ ಹೊರಡುತ್ತಾನೆ. ಮರುಕ ಬಂತು, ಹೆಜ್ಜೆ ತಿರುಗಲಿಲ್ಲ.

ಮರುಕವೂ ಹೆಜ್ಜೆಯೂ ಹೀಗೆ ಬೇರೆ ಬೇರೆ ಇರಬಲ್ಲವು ಎಂಬುದಕ್ಕೆ ಏರಿಯಲ್ ಬಾಸ್ಕಿನ್-ಸೋಮರ್ಸ್ ಮತ್ತು ಸಂಗಡಿಗರ 2016ರ ಅಧ್ಯಯನದಲ್ಲಿ ಪುರಾವೆ ಇದೆ. ಎರಡು ಜೂಜಿನ ಚಕ್ರಗಳಲ್ಲಿ ಒಂದನ್ನು ಆರಿಸಬೇಕು. ಆಮೇಲೆ ಆರಿಸದ ಚಕ್ರದ ಫಲವನ್ನೂ ತೋರಿಸುತ್ತಾರೆ. ಅಯ್ಯೋ, ಅದನ್ನೇ ಹಿಡಿಯಬೇಕಿತ್ತು ಎಂಬ ಹಳಹಳಿ ಮನೋವಿಕೃತಿಯ ಲಕ್ಷಣಗಳು ಹೆಚ್ಚಿದ್ದವರಲ್ಲಿ ಕಡಿಮೆ ಏನೂ ಇರಲಿಲ್ಲ. ಮುಂದೆ ಹೀಗೆ ಹಳಹಳಿಸಬೇಕಾದೀತು ಎಂದು ಊಹಿಸಿ ಆಯ್ಕೆ ಬದಲಿಸುವುದು ಮಾತ್ರ ಅವರಲ್ಲಿ ಸೊರಗಿತ್ತು. ಹಾಗೆ ಸೊರಗಿದಷ್ಟೂ ಅವರು ಜೈಲು ಕಂಡ ಲೆಕ್ಕ ಹೆಚ್ಚಿತ್ತು. ಜೂಜಿನ ಹಳಹಳಿ ಬೇರೆ, ಇನ್ನೊಬ್ಬರಿಗೆ ಮಾಡಿದ ಕೇಡಿಗೆ ಮರುಗುವುದು ಬೇರೆ. ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ಜಿಗಿಯಬಾರದು. ಆದರೂ ಕಲ್ಲೆದೆಯವರಿಗೆ ಏನೂ ಅನ್ನಿಸುವುದಿಲ್ಲ ಎಂಬ ನಮ್ಮ ಹಳೆಯ ಗ್ರಹಿಕೆಯನ್ನು ಇದು ಸ್ವಲ್ಪ ಅಲುಗಿಸುತ್ತದೆ.

ಹಾಗಾದರೆ ಅಮೃತಮತಿ? ಗಂಡನನ್ನೂ ಅತ್ತೆಯನ್ನೂ ಊಟಕ್ಕೆ ಕರೆದು ವಿಷವಿಕ್ಕುತ್ತಾಳೆ. ಒಂದು ಹನಿ ಕಣ್ಣೀರಿಲ್ಲ. ಹರ್ವೆ ಕ್ಲೆಕ್ಲಿ 1941ರಲ್ಲಿ ಬರೆದ ರೋಗಿಗಳ ಸಾಲಿನಲ್ಲಿ, ಅಥವಾ ಮನೋವಿಕೃತಿಯನ್ನು ಅಳೆಯಲು ರಾಬರ್ಟ್ ಹೇರ್ ರೂಪಿಸಿದ 20 ಅಂಶಗಳ ಪಟ್ಟಿಯಲ್ಲಿ ಅವಳನ್ನು ಕೂರಿಸುವ ಆಸೆ ಯಾರಿಗಾದರೂ ಬಂದೀತು. ನನಗೆ ಅದು ಸರಿಕಾಣದು. ಅವಳು ಧರ್ಮಕಥೆಗೆ ಬೇಕಾಗಿ ಗಂಡಸೊಬ್ಬ ಕಡೆದ ಪಾತ್ರ, ಅವಳ ಮನಸ್ಸಿನ ಬಾಗಿಲನ್ನು ಕವಿ ಅಷ್ಟಾಗಿ ತೆರೆಯಲೇ ಇಲ್ಲ. ರೋಗಿಗಳ ಮಾತೇ ಬೇಕೆಂದರೆ 1999ರಲ್ಲಿ ಅಯೋವಾದ ಸ್ಟೀವನ್ ಆಂಡರ್ಸನ್, ಅಂತೋನಿಯೊ ಡಮಾಸಿಯೊ ಮೊದಲಾದವರು ವರದಿ ಮಾಡಿದ ಇಬ್ಬರು ತರುಣರಿದ್ದಾರೆ. ಒಬ್ಬಳಿಗೆ 15 ತಿಂಗಳ ಕೂಸಾಗಿದ್ದಾಗ ವಾಹನ ಹರಿದು, ಇನ್ನೊಬ್ಬನಿಗೆ 3 ತಿಂಗಳಲ್ಲಿ ಗೆಡ್ಡೆ ತೆಗೆದು, ಮಿದುಳಿನ ಮುಂಭಾಗಕ್ಕೆ ಪೆಟ್ಟಾಗಿತ್ತು. ಬುದ್ಧಿಶಕ್ತಿ ಚೆನ್ನಾಗಿಯೇ ಇತ್ತು, ಮನೆಯವರೂ ಒಳ್ಳೆಯವರೇ. ಆದರೂ ಇಬ್ಬರೂ ಸುಳ್ಳು, ಕಳವು, ಹೊಡೆದಾಟದಲ್ಲಿ ಬೆಳೆದರು, ತಪ್ಪಿತಸ್ಥ ಭಾವ ಕಾಣಲಿಲ್ಲ. ದೊಡ್ಡವರಾದ ಮೇಲೆ ಅದೇ ಭಾಗಕ್ಕೆ ಪೆಟ್ಟಾದವರಿಗೆ ಸರಿತಪ್ಪುಗಳನ್ನು ಬಾಯಲ್ಲಾದರೂ ಹೇಳಲು ಬರುತ್ತದೆ, ಇವರಿಗೆ ಅದೂ ಬರುತ್ತಿರಲಿಲ್ಲ. ಇಬ್ಬರೇ ಇಬ್ಬರ ಕಥೆ, ಹೆಚ್ಚು ಭಾರ ಹೊರಿಸುವಂತಿಲ್ಲ. ಆದರೂ ಮರುಕ ಕಲಿಯಲಿಕ್ಕೂ ಒಂದು ವಯಸ್ಸಿದೆ, ಒಂದು ಅಂಗವಿದೆ ಎಂಬ ಸೂಚನೆ ಇಲ್ಲಿದೆ.

ಕಲಿಯದೆ ಉಳಿದವರನ್ನು ಏನು ಮಾಡುವುದು? ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1995ರಲ್ಲಿ ಶುರುವಾದ ಮೆಂಡೋಟ ಕೇಂದ್ರಕ್ಕೆ ಬೇರೆ ಬಾಲಬಂದಿಖಾನೆಗಳು ಕೈಚೆಲ್ಲಿದ ಹುಡುಗರನ್ನು ಕಳಿಸುತ್ತಾರೆ. ಶಿಕ್ಷೆ ಹೆಚ್ಚಿಸಿದಷ್ಟೂ ಕೆರಳುತ್ತಿದ್ದವರು. ಅಲ್ಲಿ ಪಶ್ಚಾತ್ತಾಪಕ್ಕೆ ಕಾಯದೆ ನಡತೆಯಿಂದಲೇ ಆರಂಭಿಸಿದರು. ಇವತ್ತು ಸರಿಯಾಗಿ ನಡೆದುಕೊಂಡರೆ ಇವತ್ತೇ ಅಂಕ, ಅಂಕಕ್ಕೆ ಸಣ್ಣ ಸವಲತ್ತು. ನಿನ್ನೆಯ ರಂಪಕ್ಕೆ ಇವತ್ತು ಲೆಕ್ಕವಿಲ್ಲ. ಬಿಡುಗಡೆಯಾದ ಮೇಲಿನ ಕೆಲವು ವರ್ಷಗಳನ್ನು ಮೈಕೆಲ್ ಕಾಲ್ಡ್‌ವೆಲ್ ಮತ್ತು ಜೊತೆಗಾರರು ಲೆಕ್ಕ ಹಾಕಿದರು. ಬೇರೆ ಕಡೆ ಇದ್ದ ಅಂಥವೇ ಹುಡುಗರ ಗುಂಪು ಅಷ್ಟರಲ್ಲಿ 16 ಜನರನ್ನು ಕೊಂದಿತ್ತು. ಮೆಂಡೋಟದಲ್ಲಿದ್ದು ಹೋದ ಗುಂಪು ಒಬ್ಬರನ್ನೂ ಕೊಂದಿರಲಿಲ್ಲ.