ತಗಡು ತಿರುಗಿದರೆ ಹೂದಾನಿ!

ಕುಂಬಾರರ ತಿಗರಿಯ ಮೇಲೆ ಮಣ್ಣು ಮಡಕೆಯಾಗುವುದನ್ನು ನೋಡಿದ್ದೀರಲ್ಲ? ಲೋಹದ ತಗಡಿಗೂ ಅಂಥದ್ದೇ ವಿದ್ಯೆಯೊಂದಿದೆ. ಅದೇ ಮೆಟಲ್ ಸ್ಪಿನ್ನಿಂಗ್.

ಲೇತ್ ಯಂತ್ರಕ್ಕೆ ಮರದ ಅಚ್ಚನ್ನು ಸಿಕ್ಕಿಸಿ, ಅದಕ್ಕೆ ಒತ್ತಿಕೊಂಡಂತೆ ದುಂಡನೆಯ ತಗಡನ್ನು ಬಿಗಿಯುತ್ತಾರೆ. ಎರಡೂ ಒಟ್ಟಿಗೆ ಗಿರಗಿರನೆ ತಿರುಗುತ್ತವೆ. ಕುಶಲಕರ್ಮಿ ಉದ್ದ ಹಿಡಿಯ ಉಪಕರಣವನ್ನು ಕಂಕುಳಲ್ಲಿ ಅವುಚಿಕೊಂಡು, ಮೈಭಾರ ಹಾಕಿ ತಗಡನ್ನು ಅಚ್ಚಿನ ಮೇಲೆ ಸ್ವಲ್ಪಸ್ವಲ್ಪವೇ ಒತ್ತುತ್ತಾನೆ. ಆತುರಪಟ್ಟರೆ ಅಂಚು ಸುಕ್ಕುಗಟ್ಟುತ್ತದೆ. ಒಂದೇ ಕಡೆ ಒತ್ತಿದರೆ ತಗಡು ತೆಳ್ಳಗಾಗಿ ಹರಿಯುತ್ತದೆ. ಸರಿಯಾಗಿ ಒತ್ತಿದರೆ ಬೆಸುಗೆಯೇ ಇಲ್ಲದ ಬಟ್ಟಲು!

ಹೊಟ್ಟೆ ದಪ್ಪ, ಕತ್ತು ಸಣ್ಣಗಿರುವ ಹೂದಾನಿಯಾದರೆ ಒಳಗಿನ ಅಚ್ಚು ಹೊರಬರುವುದು ಹೇಗೆ? ಅಚ್ಚನ್ನೇ ತುಂಡುಗಳಿಂದ ಜೋಡಿಸಿರುತ್ತಾರೆ. ಕೆಲಸ ಮುಗಿದ ಮೇಲೆ ಒಂದೊಂದನ್ನೇ ಹೂದಾನಿಯ ಬಾಯಿಯಿಂದ ಎಳೆದು ತೆಗೆದರಾಯಿತು.

1930ರ ದಶಕದಲ್ಲಿ ಅಮೆರಿಕದ ವಿನ್ಯಾಸಕಾರ ರಸೆಲ್ ರೈಟ್ ಹೀಗೆ ಅಲ್ಯೂಮಿನಿಯಂ ಪಾತ್ರೆ, ಹೂದಾನಿಗಳನ್ನು ತಯಾರಿಸಿದರು. ಅದು ಆರ್ಥಿಕ ಕುಸಿತದ ಕಾಲ. ಬೆಳ್ಳಿ ಸಾಮಾನು ಕೊಳ್ಳುವ, ಆಳಿಟ್ಟು ಅದನ್ನು ತಿಕ್ಕಿಸುವ ಶಕ್ತಿ ಅನೇಕ ಮನೆಗಳಿಗಿರಲಿಲ್ಲ. ಹಗುರ ಲೋಹಕ್ಕೆ ಮರ, ಬೆತ್ತದ ಹಿಡಿ ಸೇರಿಸಿ, ಒಲೆಯ ಮೇಲಿನ ಪಾತ್ರೆಯನ್ನೇ ನೇರವಾಗಿ ಊಟದ ಮೇಜಿಗೆ ತರುವಂತೆ ಮಾಡಿದರು. ನಮಗೆ ಇದೇನು ಮಹಾ ಅನ್ನಿಸೀತು; ಅತಿಥಿಗಳಿಗೆ ಬೆಳ್ಳಿಯಲ್ಲೇ ಬಡಿಸಬೇಕೆನ್ನುತ್ತಿದ್ದ ಮನೆಗಳಿಗೆ ಅದು ದೊಡ್ಡ ಬಿಡುಗಡೆ. ಅಂದಿನ ಆ ಅಡುಗೆಮನೆ ಪಾತ್ರೆಗಳಲ್ಲಿ ಕೆಲವು ಈಗ ನ್ಯೂಯಾರ್ಕಿನ ಮ್ಯೂಸಿಯಂಗಳಲ್ಲಿವೆ.