ಪೊಲೀಸರ ಕಡತಕ್ಕೆ ಬೀಗ ಬಿದ್ದದ್ದು ಹೀಗೆ

ಕ್ಯಾಲಿಫೋರ್ನಿಯಾದ ಕೋರ್ಟುಗಳಲ್ಲಿ ಆರೋಪಿಯ ಪರ ವಕೀಲರು ಮೇಲಿಂದ ಮೇಲೆ ಹಾಕುವ ಅರ್ಜಿಯೊಂದಿದೆ. ತನ್ನ ಕಕ್ಷಿದಾರನನ್ನು ಹಿಡಿದ ಪೊಲೀಸನ ಮೇಲೆ ಹಿಂದೆ ಯಾರಾದರೂ ದೂರು ಕೊಟ್ಟಿದ್ದರೆ ಆ ಕಡತ ತೋರಿಸಿ ಎಂದು ಕೇಳುವ ಅರ್ಜಿ. ಅದಕ್ಕೆ ‘ಪಿಚೆಸ್ ಅರ್ಜಿ’ ಎಂದು ಹೆಸರು. ಪೀಟರ್ ಪಿಚೆಸ್ ಇಂಥ ಅರ್ಜಿ ಹಾಕಿದವರಲ್ಲ. ಕಡತ ಕೊಡುವುದಿಲ್ಲವೆಂದು ರಾಜ್ಯದ ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತವರು. ಆಗ ಅವರು ಲಾಸ್ ಏಂಜಲೀಸ್ ಕೌಂಟಿಯ ಶೆರಿಫ್, ಅಂದರೆ ಜನರೇ ಮತ ಹಾಕಿ ಆರಿಸುವ ಪೊಲೀಸ್ ಮುಖ್ಯಸ್ಥ.

ಪ್ರಕರಣ ದೊಡ್ಡದೇನಲ್ಲ. ನಾಲ್ವರು ಡೆಪ್ಯುಟಿಗಳ, ಅಂದರೆ ಶೆರಿಫ್ ಇಲಾಖೆಯ ಪೊಲೀಸರ ಮೇಲೆ ಕೈ ಮಾಡಿದನೆಂದು ಒಬ್ಬನ ಮೇಲೆ ಕೇಸು. ಮೊದಲು ಹೊಡೆದವರು ಅವರೇ, ನಾನು ನನ್ನನ್ನು ಕಾಪಾಡಿಕೊಂಡೆ ಅಷ್ಟೆ ಎಂಬುದು ಅವನ ವಾದ. ಅದನ್ನು ಸಾಬೀತು ಮಾಡಲು ಡೆಪ್ಯುಟಿಗಳ ಹಳೆಯ ದೂರುಗಳು ಬೇಕಿದ್ದವು. 1974ರಲ್ಲಿ ಕೋರ್ಟು ಅವನ ಪರ ನಿಂತಿತು.

ಕಥೆ ತಿರುಗಿದ್ದು ಇಲ್ಲಿಂದ. ಕಡತ ಕೊಡಬೇಕೆಂದು ಕೋರ್ಟು ಹೇಳಿದ ಮೇಲೆ ಕಡತವೇ ಇಲ್ಲದಿದ್ದರೆ? ಲಾಸ್ ಏಂಜಲೀಸ್ ನಗರ ಪೊಲೀಸ್ ಇಲಾಖೆ ನಾಲ್ಕು ಟನ್ನಿಗೂ ಹೆಚ್ಚು ಹಳೆಯ ಕಾಗದಪತ್ರಗಳನ್ನು ಚೂರು ಮಾಡಿಸಿತ್ತು. ಆ ಸಂಗತಿ ಹೊರಬಿದ್ದು ಗದ್ದಲವಾಯಿತು. ಪುರಾವೆ ನಾಶವಾಯಿತೆಂಬ ಕಾರಣಕ್ಕೆ ಕೆಲವು ಕೇಸುಗಳೂ ಬಿದ್ದುಹೋದವು.

ಇದನ್ನು ಸರಿಪಡಿಸಲೆಂದು 1978ರಲ್ಲಿ ಬಂದ ಕಾನೂನಿಗೆ ಎರಡು ಮುಖ. ದೂರುಗಳನ್ನು ಐದು ವರ್ಷವಾದರೂ ಕಾಪಾಡಬೇಕು ಎಂಬುದು ಒಂದು. ಆದರೆ ಅವು ಗೋಪ್ಯ. ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ ಓದಿ, ಪ್ರಕರಣಕ್ಕೆ ಬೇಕಾದಷ್ಟನ್ನು ಮಾತ್ರ ವಕೀಲರಿಗೆ ಕೊಡಬಹುದು ಎಂಬುದು ಇನ್ನೊಂದು. ಕಾಗದ ಉಳಿಯಿತು, ಓದುವವರು ಹೊರಗುಳಿದರು. ಸಹಿ ಹಾಕಿದ ಗವರ್ನರ್ ಜೆರ್ರಿ ಬ್ರೌನ್‌ಗೆ ಆಗ ನಲವತ್ತು ವರ್ಷ.

ಇಷ್ಟಾದರೂ ಹಲವು ಊರುಗಳಲ್ಲಿ ಒಂದು ಕಿಟಕಿ ತೆರೆದೇ ಇತ್ತು. ಬರ್ಕ್ಲಿಯ ಮತದಾರರು 1973ರಲ್ಲೇ ಪೊಲೀಸರ ಮೇಲಿನ ದೂರು ವಿಚಾರಿಸಲು ನಾಗರಿಕರ ಆಯೋಗವೊಂದನ್ನು ಮಾಡಿಕೊಂಡಿದ್ದರು. ಅದರ ವಿಚಾರಣೆ ನಡೆಯುತ್ತಿದ್ದುದು ಜನರ ಎದುರಿಗೇ. 2006ರ ಆಗಸ್ಟ್‌ನಲ್ಲಿ ‘ಕಾಪ್ಲಿ ಪ್ರೆಸ್’ ತೀರ್ಪು ಬಂತು. ಸ್ಯಾನ್ ಡಿಯಾಗೋದ ಪತ್ರಿಕಾ ಸಂಸ್ಥೆಯೊಂದು, ಡೆಪ್ಯುಟಿಯೊಬ್ಬ ತನ್ನ ಶಿಸ್ತುಕ್ರಮದ ವಿರುದ್ಧ ಕೌಂಟಿಯ ಆಯೋಗಕ್ಕೆ ಸಲ್ಲಿಸಿದ ಮೇಲ್ಮನವಿಯ ವಿವರ ಕೇಳಿತ್ತು. ಇಲಾಖೆಯ ಹೊರಗಿನ ಆಯೋಗದ ಬಳಿ ಇದ್ದರೂ ಗೋಪ್ಯ ಗೋಪ್ಯವೇ, ಅಧಿಕಾರಿಯ ಹೆಸರೂ ಹೇಳುವಂತಿಲ್ಲ ಎಂದಿತು ರಾಜ್ಯದ ಸುಪ್ರೀಂ ಕೋರ್ಟು. ಬರ್ಕ್ಲಿಯ ಪೊಲೀಸರ ಸಂಘ ಇದೇ ತೀರ್ಪಿನ ಬಲದಿಂದ ಕೋರ್ಟಿನಲ್ಲಿ ಗೆದ್ದಿತು. ಜನ ಕಟ್ಟಿಕೊಂಡ ಆಯೋಗದ ಬಾಗಿಲು ಜನರಿಗೇ ಮುಚ್ಚಿತು. ಲಾಸ್ ಏಂಜಲೀಸ್ ನಗರ ಪೊಲೀಸರ ಶಿಸ್ತು ವಿಚಾರಣೆಗಳೂ ಒಳಗೆ ಸರಿದವು. ನನ್ನ ಪ್ರಕಾರ 1978ಕ್ಕಿಂತ ಹೆಚ್ಚಿನ ಪೆಟ್ಟು ಬಿದ್ದದ್ದು ಈ ತೀರ್ಪಿನಿಂದ.

ಬದಲಾವಣೆಗೆ ಹನ್ನೆರಡು ವರ್ಷ ಬೇಕಾಯಿತು. ಬರ್ಕ್ಲಿಯ ಸೆನೆಟರ್ ನ್ಯಾನ್ಸಿ ಸ್ಕಿನ್ನರ್ ತಂದ 1421ನೇ ಮಸೂದೆ 2018ರಲ್ಲಿ ಪಾಸಾಯಿತು. ಗುಂಡು ಹಾರಿಸಿದ್ದು, ಸಾವಿಗೆ ಅಥವಾ ಗಂಭೀರ ಗಾಯಕ್ಕೆ ಕಾರಣವಾದ ಬಲಪ್ರಯೋಗ, ಸಾಬೀತಾದ ಲೈಂಗಿಕ ದೌರ್ಜನ್ಯ, ಸಾಬೀತಾದ ಸುಳ್ಳುಗಾರಿಕೆ: ಇವುಗಳ ಕಡತವನ್ನು ಯಾರು ಬೇಕಾದರೂ ಕೇಳಬಹುದು. ಸಹಿ ಮತ್ತೆ ಜೆರ್ರಿ ಬ್ರೌನ್ ಅವರದೇ. ಎರಡನೇ ಬಾರಿ ಗವರ್ನರ್ ಹುದ್ದೆಗೆ ಮರಳಿ ಬಂದಿದ್ದ ಅವರಿಗೆ ಆಗ ಎಂಬತ್ತು. ತಾವೇ ಹಾಕಿದ ಬೀಗವನ್ನು ಅರ್ಧ ತೆಗೆಯುವ ಅವಕಾಶ ಎಷ್ಟು ರಾಜಕಾರಣಿಗಳಿಗೆ ಸಿಕ್ಕೀತು!

ಕಾನೂನು ಜಾರಿಯಾಗಬೇಕಿದ್ದದ್ದು 2019ರ ಜನವರಿ 1ಕ್ಕೆ. ಅದಕ್ಕೆ ಕೆಲವೇ ವಾರ ಮೊದಲು ಇಂಗಲ್‌ವುಡ್ ನಗರಸಭೆ ನೂರಕ್ಕೂ ಹೆಚ್ಚು ಹಳೆಯ ಪ್ರಕರಣಗಳ ಪೊಲೀಸ್ ಕಡತ ನಾಶಪಡಿಸಲು ಒಪ್ಪಿಗೆ ಕೊಟ್ಟಿತು. ಹಳೆಯ ಉಪಾಯ, ಹೊಸ ಊರು. ಹಲವೆಡೆ ಪೊಲೀಸ್ ಸಂಘಗಳು ‘ಹಿಂದಿನದಕ್ಕೆ ಈ ಕಾನೂನು ಅನ್ವಯಿಸುವುದಿಲ್ಲ’ ಎಂದು ಕೋರ್ಟು ಹತ್ತಿ ಸೋತವು. 2021ರಲ್ಲಿ ಅತಿಯಾದ ಬಲಪ್ರಯೋಗ, ಪಕ್ಷಪಾತ, ಅಕ್ರಮ ಶೋಧ ಮತ್ತು ಬಂಧನದ ಪ್ರಕರಣಗಳೂ ಪಟ್ಟಿಗೆ ಸೇರಿದವು.

ಉಳಿದ ಪ್ರಶ್ನೆ ಮೇಲ್ವಿಚಾರಣಾ ಆಯೋಗಗಳದು. ಸಾರ್ವಜನಿಕರಿಗೆ ತೆರೆದ ಪಟ್ಟಿಯಾಚೆಗಿನ ಕಡತಗಳು ಅವಕ್ಕೂ ಮುಚ್ಚಿಯೇ ಇದ್ದವು. ಕಡತವಿಲ್ಲದ ಆಯೋಗ, ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕದೆ ಬಿಟ್ಟಂತೆ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಶೆರಿಫ್ ಇಲಾಖೆಯ ಮೇಲೆ ನಿಗಾ ಇಡಲು 2016ರಲ್ಲಿ ನಾಗರಿಕ ಆಯೋಗ ಬಂತು. ಸಾಕ್ಷಿಗಳಿಗೆ ಸಮನ್ಸ್ ಕಳಿಸುವ ಅಧಿಕಾರವನ್ನು 2020ರ ಮಾರ್ಚ್‌ನಲ್ಲಿ ಮತದಾರರು ಶೇ 70ಕ್ಕೂ ಹೆಚ್ಚು ಬಹುಮತದಿಂದ ಕೊಟ್ಟರು. ಅಂದಿನ ಶೆರಿಫ್ ಅಲೆಕ್ಸ್ ವಿಲಾನುಯೆವಾ ಸಮನ್ಸ್ ಬಂದರೂ ಹಾಜರಾಗಲಿಲ್ಲ. ಪ್ರಮಾಣ ಮಾಡಿ ಆಯೋಗದ ಮುಂದೆ ಕೂತದ್ದು ಚುನಾವಣೆ ಸೋತ ಮೇಲೆ, 2024ರಲ್ಲಿ. ಕಡತಗಳ ವಿಷಯದಲ್ಲಿ ಮಾತ್ರ ಸಮನ್ಸಿಗೂ 1978ರ ಕಾನೂನೇ ಅಡ್ಡ ನಿಂತಿತ್ತು. ಇಂಥ ಆಯೋಗಗಳಿಗೆ ಗೋಪ್ಯ ಕಡತ ನೋಡಲು ಬಿಡುವ 847ನೇ ಮಸೂದೆಗೆ 2025ರಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದರು. ಷರತ್ತೂ ಇದೆ: ಸದಸ್ಯರು ಓದಬಹುದು, ಓದಿದ್ದನ್ನು ಗೋಪ್ಯವಾಗಿಯೇ ಇಡಬೇಕು.