ಕಟ್ಟಿದ ಸಾಲಕ್ಕೂ ‘ಬಾಕಿ’ ಹಣೆಪಟ್ಟಿ: ಸುಮ್ಮನಿರಬೇಡಿ

ಮಯ್ಯಿತ್ ನಮಾಝ್‌ಗೆ ಮುಂಚೆ ಮನೆಯವರು ಎದ್ದು ನಿಂತು, “ಇವರಿಂದ ಯಾರಿಗಾದರೂ ಹಣ ಬರಲಿಕ್ಕಿದ್ದರೆ ನಮ್ಮತ್ರ ಹೇಳಿ” ಅನ್ನುವ ರೂಢಿ ನಮ್ಮಲ್ಲಿದೆ. ಸಾಲಕ್ಕೆ ಅಷ್ಟು ಅಂಜುವವರು ನಾವು. ಅಂಥವರಲ್ಲೊಬ್ಬರು ಕೊನೆಯ ಕಂತಿನವರೆಗೂ ಕಟ್ಟಿ, ಮುಂದೆ ಮಗಳ ಓದಿಗೆಂದು ಬ್ಯಾಂಕಿಗೆ ಹೋದಾಗ “ನಿಮ್ಮ ಸಿಬಿಲ್ ಸರಿ ಇಲ್ಲ” ಎಂಬ ಉತ್ತರ ಸಿಕ್ಕಿದರೆ?

ತಪ್ಪು ಹೇಗೂ ನುಸುಳಬಹುದು. ಒಂದೇ ಜಮಾಅತ್‌ನಲ್ಲಿ ನಾಲ್ಕು ಮಂದಿ ಅಬ್ದುಲ್ ರಹಿಮಾನ್ ಇರ್ತಾರೆ. ಒಬ್ಬರೇ ಆಧಾರ್‌ನಲ್ಲಿ ಮೊಹಮ್ಮದ್, ಪಾನ್ ಕಾರ್ಡ್‌ನಲ್ಲಿ ಮುಹಮ್ಮದ್. ಒಬ್ಬರ ಸಾಲ ಇನ್ನೊಬ್ಬರ ಹೆಸರಿಗೆ ಅಂಟಿಕೊಳ್ಳಲು ಇಷ್ಟು ಸಾಕು. ಪೂರ್ತಿ ಕಟ್ಟಿದ ಸಾಲದ ಮುಂದೆ ‘ಕ್ಲೋಸ್ಡ್’ ಎಂದಿರಬೇಕು. ‘ಸೆಟಲ್ಡ್’ ಎಂದರೆ ಬ್ಯಾಂಕ್ ಒಂದಿಷ್ಟು ಬಿಟ್ಟುಕೊಟ್ಟು ಮುಗಿಸಿದ್ದು ಎಂದರ್ಥ. ಅದು ಮುಂದಿನ ಸಾಲಕ್ಕೆ ಅಡ್ಡಿ.

ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ – ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ತಪ್ಪು ಕಂಡರೆ ಅವುಗಳ ವೆಬ್‌ಸೈಟ್‌ನಲ್ಲೇ ದೂರು ಹಾಕಬಹುದು. ಆದರೆ ಸಂಸ್ಥೆ ತಾನಾಗಿ ತಿದ್ದುವುದಿಲ್ಲ, ಸಾಲ ಕೊಟ್ಟ ಬ್ಯಾಂಕನ್ನು ಕೇಳುತ್ತದೆ. ಹಾಗಾಗಿ ಬ್ಯಾಂಕಿಗೂ ಅರ್ಜಿ ಬರೆದು, ಸಾಲ ತೀರಿದ ಪತ್ರದ ಜೆರಾಕ್ಸ್ ಲಗತ್ತಿಸಿ, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕೌಂಟರ್‌ನಲ್ಲಿ ಬಾಯಿಮಾತಲ್ಲಿ ಹೇಳಿ ಬಂದರೆ ನಾಳೆ ತೋರಿಸಲು ಏನೂ ಇರುವುದಿಲ್ಲ. ಸಾಲವನ್ನು ಬರೆದಿಡಬೇಕೆಂದು ಅಲ್‌ಬಖರದ 282ನೇ ಸೂಕ್ತ ಹೇಳಿದ್ದು ಗೊತ್ತಿರುವ ನಮಗೆ ಇದನ್ನು ಬೇರೆ ಹೇಳಬೇಕೆ?

ಸಾಲ ಕೊಟ್ಟ ಬ್ಯಾಂಕೇ ಈಗಿಲ್ಲ ಎಂದು ಕೆಲವರು ಕೈಚೆಲ್ಲುವುದುಂಟು. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಉಡುಪಿಯಲ್ಲಿ ಕಟ್ಟಿದ ಕಾರ್ಪೊರೇಶನ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಯೂನಿಯನ್ ಬ್ಯಾಂಕಿನೊಳಗೆ ಸೇರಿತು, ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ. ಬೋರ್ಡು ಹೋದರೂ ಲೆಕ್ಕ ಹೋಗಿಲ್ಲ. ಹಳೇ ಸಾಲದ ದಾಖಲೆಗೆ ಈಗಿನ ಬ್ಯಾಂಕೇ ಉತ್ತರ ಕೊಡಬೇಕು.

ರಿಸರ್ವ್ ಬ್ಯಾಂಕಿನ 2023ರ ಅಕ್ಟೋಬರ್ ಆದೇಶದಂತೆ, ದೂರು 30 ದಿನದೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ದೂರು ಕೊಟ್ಟವರಿಗೆ ಸಲ್ಲಬೇಕು. ಮಂಗಳೂರಿನ ವ್ಯಾಪಾರಿಗೂ, ಆಳಂದ ತಾಲೂಕಿನ ಮಟಕಿಯ ರೈತನಿಗೂ ನಿಯಮ ಒಂದೇ. ಹಕ್ಕು ಕೇಳುವವರು ಕಡಿಮೆ, ಅಷ್ಟೆ.

“ಸ್ಕೋರ್ ಏರಿಸಿಕೊಡ್ತೇವೆ” ಎಂದು ದುಡ್ಡು ಕೇಳುವವರಿಂದ ದೂರವಿರಿ. ನಿಜವಾದ ಬಾಕಿಯನ್ನು ಅವರೂ ಅಳಿಸಲಾರರು. ತಿಂಗಳು ಕಳೆದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ. ಶುಲ್ಕ ಇಲ್ಲ, ವಕೀಲರೂ ಬೇಡ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು.